ಅಮ್ಮ ನಡೆಯದ ಹೆಜ್ಜೆಗಳು

ಮನೆ, ಕಿಟಕಿ ಪಕ್ಕದ ಹೊಲಿಗೆ ಮೇಜು
ಹದಿನೇಳನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಸುರಂಗದ ದೂಳಿಗೆಂದು ಕೊಟ್ಟಿರುವ ಮುಖಗವಸನ್ನು ಗದ್ದದ ಕೆಳಗೆ ಇಳಿಬಿಟ್ಟುಕೊಂಡು ನಿಂತಿದ್ದೀಯಲ್ಲ, ಆ ಫೋಟೋ ನೋಡಿ ಅಮ್ಮ, ‘ಇವಳಿಗೆ ಮೂಗು ಕುತ್ತಿಗೇಲಿ ಇದೆಯೇನೋ?’ ಅಂದಳು. ದಯವಿಟ್ಟು ಸರಿಯಾಗಿ ಕಟ್ಟಿಕೋ. ಬೆಟ್ಟದ ಹೊಟ್ಟೆಯೊಳಗೆ ಕೂದಲೆಳೆಯಷ್ಟು ಆಚೀಚೆಯಾಗದಂತೆ ಅಳತೆ ಹಿಡಿಯುವ ಸರ್ವೇಯರು ನೀನು, ನಿನ್ನ ಮೂಗು ಎಲ್ಲಿದೆ ಎಂದು ನಾವು ಹೇಳಿಕೊಡಬೇಕಾ? ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯ ತಾನೇ? ಹೋದ ಸಲ ಫೋನಿನಲ್ಲಿ ನಿನ್ನ ದನಿ ಒಡೆದಿತ್ತು. ಫೋನು ಇಟ್ಟ ಮೇಲೆ ಅಮ್ಮ ಅದನ್ನೇ ಎರಡು ದಿನ ಹೇಳಿದಳು.

ಎರಡು ಸಾಲಿನ ಮೆಸೇಜನ್ನೂ ನೆಟ್ಟಗೆ ಬರೆಯದ ನಿನ್ನ ತಮ್ಮ ಗುಂಡಿ ಇವತ್ತು ಪತ್ರ ಬರೆಯಲು ಕೂತಿದ್ದಾನೆ ಎಂದರೆ ನಿನಗೆ ಅನುಮಾನ ಬಂದೇ ಬರುತ್ತದೆ. ಬರಲಿ. ನಾನು ನಿನಗೆ ಹಿಂದೆ ಒಂದೇ ಒಂದು ಪತ್ರ ಬರೆದಿದ್ದೆ, ನೀನು ಹಾಸ್ಟೆಲಿನಲ್ಲಿದ್ದಾಗ. ಮೂರು ಪುಟ ಮಳೆ, ಬಿಸಿಲು, ಬೆಕ್ಕು ಮರಿ ಹಾಕಿದ್ದು ಎಲ್ಲ ಬರೆದು, ನಾನು ಫೇಲಾದ ವಿಷಯವನ್ನು ಕೊನೇ ಸಾಲಿನಲ್ಲಿ ಚಿಕ್ಕ ಅಕ್ಷರದಲ್ಲಿ ತೂರಿಸಿದ್ದೆ. ಈ ಸಲ ಹಾಗೆ ಮಾಡಬಾರದೆಂದು ಮೊದಲೇ ಹೇಳಿಬಿಡುತ್ತೇನೆ: ನಾನು ನಿನಗೆ ಮೋಸ ಮಾಡಿದ್ದೇನೆ. ಐದು ತಿಂಗಳಿಂದ ದಿನಾ ಮಾಡುತ್ತಿದ್ದೇನೆ. ಅಮ್ಮನಿಗೆಂದು ನೀನು ಕಳಿಸಿದ ಹೆಜ್ಜೆ ಎಣಿಸುವ ಕೈಪಟ್ಟಿಯ ವಿಷಯ. ಎಲ್ಲವನ್ನೂ ಸಾಲಾಗಿ ಹೇಳುತ್ತೇನೆ, ನಡುವೆ ಎದ್ದು ಫೋನು ಮಾಡಬೇಡ, ಪೂರ್ತಿ ಓದು. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನಮ್ಮದು ಒಂದೇ ಕೋಣೆ, ಅಮ್ಮನಿಗೆ ಕೇಳದ ಹಾಗೆ ಈ ಮನೆಯಲ್ಲಿ ಸೀನಲೂ ಆಗುವುದಿಲ್ಲ. ಅದೂ ಅಲ್ಲದೆ ಬಾಯಿ ಬಿಡುವುದಿಲ್ಲ ಎಂದು ಅವಳು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಬಾಯಿಗೆ ಆಣೆ ಹಾಕಿದವಳು ಕೈಗೆ ಹಾಕಲು ಮರೆತಿದ್ದಾಳೆ.

ನಮ್ಮ ಶೆಡ್ಡಿನ ಒಳಗೆ ನೀನು ಯಾವತ್ತೂ ಬಂದಿಲ್ಲ. ‘ಹಳೇ ಬಟ್ಟೆ ಕೆಲಸ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀಯ. ಜನ ಬೇಡವೆಂದು ಕೊಟ್ಟ ಬಟ್ಟೆಯೆಲ್ಲ ಗಂಟುಗಂಟಾಗಿ ಬಂದು ನಮ್ಮ ಉದ್ದನೆಯ ಮೇಜಿನ ಮೇಲೆ ಬೀಳುತ್ತದೆ. ನಮ್ಮ ಹಿಂದೆ ಮೂರು ತಳ್ಳುಗಾಡಿಗಳು, ಮೂರಕ್ಕೂ ಒಂದೊಂದು ಬೋರ್ಡು: ವೇರಬಲ್, ರಿಪೇರಿ, ಚಿಂದಿ. ಒಂದೊಂದು ಬಟ್ಟೆಯನ್ನೂ ಎತ್ತಿ ಹಿಡಿದು, ತಿರುಗಿಸಿ, ನಾಲ್ಕು ಎಣಿಸುವುದರೊಳಗೆ ಯಾವುದಾದರೂ ಗಾಡಿಗೆ ಹಾಕಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ವೇರಬಲ್ ಎಂದರೆ ಏನು ಎಂದು ಕೇಳಿದ್ದಕ್ಕೆ ನಮ್ಮ ಮೇಲ್ವಿಚಾರಕಿ, ನಾವೆಲ್ಲ ಅವರನ್ನು ಕನ್ನಡಕದಮ್ಮ ಎನ್ನುತ್ತೇವೆ, ಮೇಜಿನ ಡ್ರಾಯರಿನಿಂದ ನಿಘಂಟು ತೆಗೆದು ತೋರಿಸಿದರು. ‘ಧರಿಸಬಹುದಾದ, ತೊಡಲು ಯೋಗ್ಯವಾದ’ ಎಂದಿತ್ತು. ಆಮೇಲೆ ಪುಸ್ತಕ ಮುಚ್ಚಿ, ‘ಇದನ್ನ ನಂಬ್ಕೊಂಡು ಕೆಲಸ ಮಾಡಬೇಡಿ. ಮೈಗೆ ಏರುತ್ತೆ ಅಂದ ಮಾತ್ರಕ್ಕೆ ವೇರಬಲ್ ಅಲ್ಲ, ಗೋಣಿಚೀಲಾನೂ ಮೈಗೆ ಏರುತ್ತೆ. ಇದನ್ನ ಹಾಕ್ಕೊಂಡು ಒಬ್ಬರು ನಾಚಿಕೆ ಇಲ್ಲದೆ ಬಾಗಿಲು ದಾಟ್ತಾರಾ? ದಾಟ್ತಾರೆ ಅಂದ್ರೆ ಆ ಗಾಡಿಗೆ ಹಾಕಿ’ ಅಂದರು. ಹದಿನಾಲ್ಕು ವರ್ಷದಿಂದ ನನಗೆ ಆ ಮಾತಿನ ಅರ್ಥ ಅಷ್ಟೇ.

ಅನುಮಾನ ಬಂದ ಬಟ್ಟೆಗೆ ನಾನು ಅಮ್ಮನ ವಿದ್ಯೆ ಉಪಯೋಗಿಸುತ್ತೇನೆ. ನಿನಗೆ ನೆನಪಿರಬೇಕು, ಶಾಲೆಯ ಅಂಗಿ ಹೊಲಿದು ಮುಗಿಸಿದ ಕೂಡಲೇ ನಮ್ಮಿಬ್ಬರನ್ನೂ ಕನ್ನಡಿ ಮುಂದೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಪ್ಪಣೆ ಕೊಡಿಸುತ್ತಿದ್ದಳಲ್ಲ: ‘ಕೈ ಎತ್ತು. ಕೂರು. ಬಗ್ಗು.’ ಮೂರಕ್ಕೂ ಎಲ್ಲೂ ಹಿಡಿಯದಿದ್ದರೆ ಮಾತ್ರ ಅಂಗಿ ಪಾಸು. ನಾನು ಫೇಲಾಗಿರಬಹುದು, ಅಮ್ಮನ ಅಂಗಿ ಒಂದೂ ಫೇಲಾಗಲಿಲ್ಲ. ನಾನೂ ಶೆಡ್ಡಿನಲ್ಲಿ ಹಾಗೇ ಮಾಡುತ್ತೇನೆ. ಬಟ್ಟೆಯನ್ನು ನನ್ನ ಅಂಗಿಯ ಮೇಲೇ ಏರಿಸಿಕೊಂಡು ಕೈ ಎತ್ತಿ, ಕೂತು, ಬಗ್ಗಿ ನೋಡುತ್ತೇನೆ. ಒಂದೇ ದಿನ ಯಾರದೋ ಮದುವೆ ಕೋಟು, ಯಾವನೋ ಪೈಲ್ವಾನನ ಸ್ವೆಟರು, ಯಾವಳೋ ಬಸುರಿಯ ನಿಲುವಂಗಿ ಎಲ್ಲ ತೊಟ್ಟು ಇಳಿಸಿದ್ದೇನೆ. ಮೊದಮೊದಲು ನಗುತ್ತಿದ್ದ ಜೊತೆಯವರೂ ಈಗ ಹಾಗೇ ಮಾಡುತ್ತಾರೆ. ಬೇರೆಯವರ ವಸ್ತುವನ್ನು ಮೊದಲು ನನ್ನ ಮೈಮೇಲೆ ಹಾಕಿ ನೋಡುವ ಈ ಚಾಳಿಯೇ ನನ್ನನ್ನು ಹಾಳು ಮಾಡಿದ್ದು.

ನೀನು ಕಳಿಸಿದ ಡಬ್ಬಿಯ ಮೇಲೂ ಅದೇ ಮಾತು ಇತ್ತು. ನಮ್ಮ ಶೆಡ್ಡಿನಲ್ಲಿ ಆ ಮಾತು ಒಂಟಿಯಾಗಿ ಓಡಾಡುವುದಿಲ್ಲ. ವೇರಬಲ್ ಷರ್ಟು, ವೇರಬಲ್ ಲಂಗ ಎಂದು ಬೆನ್ನಿಗೆ ಒಂದು ಬಟ್ಟೆ ಇದ್ದೇ ಇರುತ್ತದೆ. ಡಬ್ಬಿಯ ಮೇಲೆ ಬರೀ ವೇರಬಲ್ ಎಂದಿತ್ತು. ಏನು ವೇರಬಲ್, ಹೇಳಬೇಡವೇ? ಮಾರನೇ ದಿನ ಡಬ್ಬಿಯನ್ನೇ ಒಯ್ದು ಕನ್ನಡಕದಮ್ಮನಿಗೆ ತೋರಿಸಿದೆ. ಅವರು ಹೇಳಿದರು, ಮೊದಲು ಆ ಮಾತು ಬಟ್ಟೆಯ ಗುಣ ಹೇಳುತ್ತಿತ್ತು, ಈಗ ಅದೇ ಒಂದು ಹೆಸರಾಗಿದೆ. ಹೆಜ್ಜೆ ಎಣಿಸುವ ಗಡಿಯಾರ, ನಾಡಿ ನೋಡುವ ಉಂಗುರ, ಫೋಟೋ ತೆಗೆಯುವ ಕನ್ನಡಕ, ಹೀಗೆ ಮೈಮೇಲೆ ಹಾಕಿಕೊಳ್ಳುವ ಯಂತ್ರಕ್ಕೆಲ್ಲ ಈಗ ವೇರಬಲ್ ಎಂದೇ ಹೆಸರು ಎಂದು. ಯಾರೂ ಹಾಕಿಕೊಳ್ಳದೆ ಡಬ್ಬಿಯಲ್ಲೇ ಇದ್ದರೆ? ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, ‘ಆಗಲೂ ಹಾಗೇ ಕರೀತಾರೆ. ಬಟ್ಟೆಗಾದ್ರೆ ನಾನು ಒಪ್ತಿರಲಿಲ್ಲ’ ಅಂದರು. ನಾವಿಬ್ಬರೂ ನಕ್ಕೆವು. ನಗುವಂಥದ್ದೇನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಏಕೆಂದರೆ ಅಮ್ಮ ಅದನ್ನು ಹಾಕಿಕೊಳ್ಳಲೇ ಇಲ್ಲ ಅಕ್ಕಾ. ಮೊದಲ ದಿನ ಒಂದು ಗಂಟೆ ಕಟ್ಟಿಕೊಂಡಿದ್ದಳು. ಬಿಚ್ಚಿದಾಗ ಮಣಿಕಟ್ಟಿನಲ್ಲಿ ಆ ಪ್ಲಾಸ್ಟಿಕ್ ಪಟ್ಟಿಯ ಅಗಲಕ್ಕೆ ಸರಿಯಾಗಿ ನೇರಳೆ ಬಣ್ಣದ ಗೆರೆ ಎದ್ದಿತ್ತು. ಅವಳ ಚರ್ಮ ಈಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ, ನೀನು ನೋಡಿಲ್ಲ. ನೋವನ್ನು ಹೇಳಿಕೊಳ್ಳುವವಳಾ ಅವಳು? ಬೇರೆ ಜಗಳ ತೆಗೆದಳು. ‘ನನ್ನ ಹೆಜ್ಜೆ ಅವಳು ಯಾಕೆ ಎಣಿಸಬೇಕು? ಅವಳು ನಡೆಯೋದು ಕಲಿಯುವಾಗ ನಾನು ಎಣಿಸಿದ್ನಾ? ಬಿದ್ದಾಗ ಎತ್ತಿದೆ, ಅಷ್ಟೆ.’ ನೀನು ದಿನಾ ಸಂಜೆ ಫೋನು ಮಾಡಿ, ಹಾಕಿದ್ಯಾ, ಹಾಕಿದ್ಯಾ ಎಂದು ಕೇಳುತ್ತಿದ್ದೆ. ನನಗೆ ಇಬ್ಬರ ನಡುವೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು. ಹೊಸ ಚಪ್ಪಲಿಯನ್ನು ಬೇರೆಯವರು ನಾಲ್ಕು ದಿನ ಮೆಟ್ಟಿ ಮೆತ್ತಗೆ ಮಾಡಿಕೊಡುತ್ತಾರಲ್ಲ, ಹಾಗೆ ಪಟ್ಟಿ ಮೆತ್ತಗಾಗಲಿ ಎಂದು ನಾನೇ ಅದನ್ನು ಕಟ್ಟಿಕೊಂಡು ಶೆಡ್ಡಿಗೆ ಹೋದೆ. ಕೈ ಎತ್ತಿದೆ, ಕೂತೆ, ಬಗ್ಗಿದೆ. ನನ್ನ ಕೈಗೆ ಎಲ್ಲೂ ಹಿಡಿಯಲಿಲ್ಲ. ಇದು ನಾನು ಪ್ರಮಾಣ ಮಾಡಿ ಹೇಳುವ ಮಾತು: ಆ ದಿನ ನನ್ನ ಮನಸ್ಸಿನಲ್ಲಿ ಮೋಸ ಇರಲಿಲ್ಲ.

ಪಟ್ಟಿ ಎಣಿಸಿದ್ದೆಲ್ಲ ತಾನಾಗಿಯೇ ನಿನ್ನ ಫೋನಿಗೆ ಬರುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು. ಸಂಜೆ ನಿನ್ನ ಫೋನು ಬಂತು. ನೀನು ಕೂಗಿದ್ದು ಮೆಟ್ಟಿಲಿನವರೆಗೂ ಕೇಳಿಸಿರಬೇಕು. ‘ಅಮ್ಮಾ! ಆರು ಸಾವಿರ ಹೆಜ್ಜೆ! ಹನ್ನೊಂದು ಮಹಡಿ ಹತ್ತಿದ್ದೀಯ!’ ನಾನು ಒಲೆಯ ಮುಂದೆ ನಿಂತಿದ್ದೆ. ಅಮ್ಮ ನಿಧಾನವಾಗಿ ತಿರುಗಿ ನನ್ನ ಮಣಿಕಟ್ಟು ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೈಯನ್ನು ಬೆನ್ನ ಹಿಂದೆ ಅಡಗಿಸಿದೆ. ಅವಳು ಫೋನಿಗೆ, ‘ಹೂಂ ಕಣೆ, ಹಂಗೇ ಒಂದು ಸುತ್ತು ಹೋಗಿದ್ದೆ’ ಅಂದಳು. ಆ ಕ್ಷಣದಲ್ಲಿ ಅವಳು ನನ್ನನ್ನು ಕಾಪಾಡಿದಳು, ನಾನು ಕಾಪಾಡಿಸಿಕೊಂಡೆ. ಆಮೇಲೆ ನೀನು ಫೋನನ್ನು ನನಗೆ ಕೊಡಲು ಹೇಳಿ, ‘ಗುಂಡಿ, ಅಮ್ಮನ್ನ ಚೆನ್ನಾಗಿ ನೋಡ್ಕೊಳ್ತಿದ್ದೀಯ ಕಣೋ’ ಅಂದೆ. ಹುಟ್ಟಿದಾಗಿನಿಂದ ನೀನು ನನ್ನನ್ನು ಹೊಗಳಿದ್ದು ಅದೇ ಮೊದಲು. ನನಗೆ ಅದು ಬೇಕಾಗಿತ್ತು ಅಕ್ಕಾ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಫೋನು ಇಟ್ಟ ಮೇಲೆ ಅಮ್ಮ ಬೈಯುತ್ತಾಳೆ ಎಂದು ಕಾದೆ. ಅವಳು, ‘ನಿನ್ನ ಕಾಲಲ್ಲಿ ನಾನು ನಡೀಬಹುದು ಅಂತ ಗೊತ್ತೇ ಇರಲಿಲ್ಲ ನೋಡು’ ಎಂದು ನಕ್ಕಳು.

ಮಾರನೇ ದಿನದಿಂದ ನಡೆದದ್ದೆಲ್ಲ ಮೋಸವೇ. ಎಪ್ಪತ್ಮೂರು ವರ್ಷದವಳಿಗೆ ಆರು ಸಾವಿರ ಜಾಸ್ತಿಯಾಯಿತು, ನೀನು ಅಳತೆಯವಳು, ಅನುಮಾನ ಬಂದೀತು ಎಂದು ಮಧ್ಯಾಹ್ನದ ಊಟದ ಹೊತ್ತಿಗೆ ಪಟ್ಟಿ ಬಿಚ್ಚಿ ಚೀಲದಲ್ಲಿಡುತ್ತಿದ್ದೆ. ನಾಲ್ಕು ಸಾವಿರದ ಹತ್ತಿರ ನಿಲ್ಲುತ್ತಿತ್ತು. ಸುಳ್ಳನ್ನೂ ಅಳೆದು ಕತ್ತರಿಸಿದೆ ನೋಡು, ದರ್ಜಿಯ ಮಗ ಎಂದು ಸಾಬೀತಾಯಿತು. ‘ಅಮ್ಮ, ನಿನ್ನ ಹೃದಯ ಹುಡುಗಿಯ ಥರ ಬಡ್ಕೊಳ್ತಿದೆ’ ಎಂದು ನೀನು ಹೇಳಿದರೆ ಅವಳು, ‘ಇದ್ದೀತು, ನಾನೇನು ಮುದುಕಿನಾ?’ ಎನ್ನುತ್ತಿದ್ದಳು. ನನಗೆ ಜ್ವರ ಬಂದ ವಾರ ನಿನಗೆ ನೆನಪಿದೆಯಾ? ನಾಡಿ ಏರಿದ್ದು ಕಂಡು ನೀನು ಹೆದರಿ ಫೋನು ಮಾಡಿದೆ. ಮಂಚದ ಮೇಲೆ ಕಂಬಳಿ ಹೊದ್ದು ನಡುಗುತ್ತಿದ್ದವನು ನಾನು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ದನಿ ಕುಗ್ಗಿಸಿ, ‘ಹೂಂ ಕಣೆ, ಮಾತ್ರೆ ತಗೊಂಡೆ, ಈಗ ಬೆವರ್ತಾ ಇದೆ’ ಎಂದು ನನ್ನ ಜ್ವರವನ್ನು ತಾನು ಅನುಭವಿಸಿದವಳು ಅಮ್ಮ. ಫೋನು ಇಟ್ಟ ಮೇಲೆ ಇಬ್ಬರೂ ಎಷ್ಟು ನಕ್ಕೆವೆಂದರೆ ನನಗೆ ಜ್ವರ ಅರ್ಧ ಇಳಿಯಿತು. ಸಂಜೆ ಕೆಲಸದಿಂದ ಬಂದ ಕೂಡಲೇ ಅವಳು ‘ಇವತ್ತು ಎಷ್ಟು ನಡೆದೆ ನಾನು? ಎಲ್ಲೆಲ್ಲಿ ಹೋಗಿದ್ದೆ?’ ಎಂದು ಕೇಳುವುದು, ನಾನು ಯಾವ ಬೀದಿಯಲ್ಲಿ ಏನು ಕಂಡೆ ಎಂದು ಹೇಳುವುದು ಅಭ್ಯಾಸವಾಯಿತು. ಅದು ಅವಳಿಗೆ ಸಂತೋಷ ಕೊಡುತ್ತಿತ್ತು. ಅದನ್ನೇ ಹೇಳಿಕೊಂಡು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ನಿಜವಾಗಿ ಅವಳು ನಡೆಯುತ್ತಿದ್ದದ್ದು ಎಷ್ಟು ಎಂದು ಈಗ ಹೇಳುತ್ತೇನೆ. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ. ಮೆಟ್ಟಿಲು ಇಳಿದು ನಾಲ್ಕು ತಿಂಗಳ ಮೇಲಾಯಿತು. ನಡುವೆ ಹೊಲಿಗೆ ಯಂತ್ರ ಹಿಡಿದುಕೊಂಡು ಉಸಿರು ತೆಗೆದುಕೊಳ್ಳಬೇಕು. ಪಾದ ಊದಿಕೊಳ್ಳುತ್ತವೆ. ಪಟ್ಟಿ ಕಳಿಸಿದಾಗಲೇ ನೀನು ಹೇಳಿದ್ದೆ, ‘ಒಂದು ವಾರ ಎರಡು ಸಾವಿರಕ್ಕಿಂತ ಕೆಳಗಿಳಿದರೆ ಎಲ್ಲ ಬಿಟ್ಟು ಬರ್ತೀನಿ, ಅಳತೆ ಸುಳ್ಳು ಹೇಳಲ್ಲ’ ಎಂದು. ಅಮ್ಮ ಆಗಲೇ ನಿನ್ನ ಮಂಚಕ್ಕೆ ಆ ನೀಲಿ ಪಟ್ಟೆಯ ಹಾಸು ಹಾಸಿಸಿದ್ದಳು, ನಿನ್ನ ನಲವತ್ತು ದಿನದ ರಜೆಗೆಂದು. ಹೋದ ತಿಂಗಳು ನೀನು ಫೋನು ಮಾಡಿ, ಅಮ್ಮ ಇಷ್ಟು ಚೆನ್ನಾಗಿದ್ದಾಳೆ, ನನ್ನ ರಜೆಯನ್ನು ಜೊತೆಯ ಸರ್ವೇಯರಿಗೆ ಬಿಟ್ಟುಕೊಟ್ಟೆ, ಅವನ ಹೆಂಡತಿಗೆ ಹೆರಿಗೆ, ನಾನು ಎಂಟು ತಿಂಗಳಾದ ಮೇಲೆ ಸುರಂಗದ ಎರಡೂ ಬಾಯಿ ಕೂಡಿದಾಗ ಬರುತ್ತೇನೆ ಅಂದೆ. ‘ಒಳ್ಳೇದಾಯ್ತು ಬಿಡು, ಪಾಪ, ಅವನ ಹೆಂಡ್ತಿಗೆ ಜೊತೆ ಬೇಕು’ ಅಂದಳು ಅಮ್ಮ. ಫೋನು ಇಟ್ಟವಳು ಎದ್ದು ನಿನ್ನ ಮಂಚದ ಹಾಸನ್ನು ತೆಗೆದಳು. ಮಡಿಸಲು ಎರಡು ತುದಿ ನನ್ನ ಕೈಗೆ ಕೊಟ್ಟಳು. ಆಗ ನಾನು ಬಾಯಿ ಬಿಡಬೇಕಾಗಿತ್ತು, ಫೋನು ಅಲ್ಲೇ ಇತ್ತು, ಒಂದು ಗುಂಡಿ ಒತ್ತಿದ್ದರೆ ನೀನು ಸಿಗುತ್ತಿದ್ದೆ. ಅವಳು ‘ಮೂಲೆ ಸರಿಯಾಗಿ ಹಿಡ್ಕೋ’ ಅಂದಳು, ನಾನು ಮೂಲೆ ಸರಿಯಾಗಿ ಹಿಡಿದುಕೊಂಡೆ.

ಇನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಈ ತಿಂಗಳ ಆರನೇ ತಾರೀಖು, ಶುಕ್ರವಾರ. ಬೆಳಿಗ್ಗೆ ಹತ್ತೂವರೆಗೆ ಅಮ್ಮ ಕಿಟಕಿ ತೆಗೆಯಲು ಎದ್ದವಳು ಮಂಚಕ್ಕೂ ಹೊಲಿಗೆ ಯಂತ್ರಕ್ಕೂ ನಡುವೆ ಬಿದ್ದಳು. ಫೋನು ಮೇಜಿನ ಮೇಲಿತ್ತು, ಕೈಗೆ ಎಟುಕಲಿಲ್ಲ. ಕೂಗಿದ್ದಾಳೆ, ಕೆಳಗಿನ ಮನೆಯ ಬೀಗ ರಿಪೇರಿಯವರೂ ಅವರ ಹೆಂಡತಿಯೂ ಅವತ್ತು ಮಗಳ ಮನೆಗೆ ಹೋಗಿದ್ದರು. ನಾನು ಕೆಲಸ ಮುಗಿಸಿ ಬಂದದ್ದು ಐದೂ ಮುಕ್ಕಾಲಿಗೆ. ಏಳು ಗಂಟೆ ಅಕ್ಕಾ. ಏಳು ಗಂಟೆ ಅವಳು ನೆಲದ ಮೇಲಿದ್ದಳು. ಯಂತ್ರದಿಂದ ಜೋತುಬಿದ್ದಿದ್ದ ಅರ್ಧ ಹೊಲಿದ ಪರದೆ ಬಟ್ಟೆಯನ್ನು ಎಳೆದು ಹೊದ್ದುಕೊಂಡಿದ್ದಳು. ಡಬ್ಬಿಯೊಳಗಿನ ಕಾಗದದಲ್ಲಿ ಬರೆದಿದೆ, ಹಾಕಿಕೊಂಡವರು ಬಿದ್ದರೆ ಹತ್ತು ಎಣಿಸುವುದರೊಳಗೆ ಮನೆಯವರ ಫೋನಿಗೆ ಕರೆ ಹೋಗುತ್ತದೆ ಎಂದು. ನೀನು ಅದನ್ನು ಕೊಂಡದ್ದೇ ಅದಕ್ಕೆ. ಅದು ನನ್ನ ಕೈಯಲ್ಲಿತ್ತು. ನಾನು ಬೀಳಲಿಲ್ಲ.

ಬಾಗಿಲು ತೆಗೆದು ನಾನು ಅವಳತ್ತ ಓಡಿದಾಗ ಅವಳು ಹೇಳಿದ ಮೊದಲ ಮಾತು, ‘ಬಂದ್ಯಾ? ಇವತ್ತು ಎಷ್ಟು ನಡೆದೆ ನಾನು?’ ನನಗೆ ಧೈರ್ಯ ತುಂಬಲು ಹಾಗೆ ಕೇಳಿದಳು. ಅವಳನ್ನು ಎತ್ತಿ ಮಂಚಕ್ಕೆ ಮಲಗಿಸಿ ನೀರು ಕುಡಿಸುವಾಗ ನನ್ನ ಫೋನು ಸದ್ದು ಮಾಡಿತು. ನಿನ್ನ ಮೆಸೇಜು. ಅವತ್ತು ಶೆಡ್ಡಿಗೆ ಎರಡು ಲಾರಿ ಗಂಟು ಬಂದಿತ್ತು, ಮಧ್ಯಾಹ್ನ ಪಟ್ಟಿ ಬಿಚ್ಚಲು ಮರೆತಿದ್ದೆ. ‘ಏಳು ಸಾವಿರದ ನಾನೂರ ಹನ್ನೆರಡು! ಅಮ್ಮ ಇವತ್ತು ದಾಖಲೆ ಮುರಿದಳು!’ ಎಂದು ಬರೆದಿದ್ದೆ ನೀನು. ಓದಿ ಹೇಳು ಅಂದಳು, ಓದಿದೆ. ನಕ್ಕಳು. ನಗುತ್ತಾ ನಗುತ್ತಾ ಸೊಂಟ ಹಿಡಿದುಕೊಂಡು ಮುಖ ಗೋಡೆಗೆ ತಿರುಗಿಸಿದಳು. ಆ ಮೆಸೇಜಿಗೆ ಚಪ್ಪಾಳೆಯ ಚಿತ್ರ ಹಾಕಿ ಉತ್ತರ ಕಳಿಸಿದವನು ನಾನೇ.

ಮೂಳೆ ಮುರಿದಿಲ್ಲ, ಅದೊಂದು ಪುಣ್ಯ. ಡಾಕ್ಟರು ಮನೆಗೇ ಬಂದು ನೋಡಿದರು. ಸೊಂಟದ ಕಪ್ಪು ಇಳಿಯುತ್ತದೆ, ಆದರೆ ಹೃದಯ ಸೋತಿದೆ, ಪಾದಕ್ಕೆ ನೀರು ಇಳಿಯುತ್ತಿರುವುದು ಅದರಿಂದಲೇ ಅಂದರು. ಮಾತ್ರೆ ಬದಲಾಯಿಸಿದ್ದಾರೆ. ಮೆಟ್ಟಿಲಿನವರೆಗೆ ಕಳಿಸಿಕೊಡಲು ಹೋದಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಇಂಥ ದಿನ ಅಂತ ಹೇಳಕ್ಕಾಗಲ್ಲ. ದೂರ ಇರೋರು ಯಾರಾದ್ರೂ ಇದ್ರೆ ಎಂಟು ತಿಂಗಳು ಹತ್ತು ತಿಂಗಳು ಅಂತ ಮುಂದಕ್ಕೆ ಹಾಕಬೇಡಿ’ ಅಂದರು. ಎಂಟು ತಿಂಗಳು ಎಂದು ಅವರು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದರು, ನನಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು. ನಾನು ಅವತ್ತಿನಿಂದ ರಜೆ ಹಾಕಿ ಮನೆಯಲ್ಲಿದ್ದೇನೆ. ಬೀಗದವರ ಹೆಂಡತಿ ಬೆಳಿಗ್ಗೆ ಬಂದು ಅಮ್ಮನಿಗೆ ಸ್ನಾನ ಮಾಡಿಸಿ ತಲೆ ಬಾಚುತ್ತಾರೆ.

ಆದರೂ ನನ್ನ ಬುದ್ಧಿ ನೋಡು. ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುತ್ತಾರಲ್ಲ, ಮನೆಯಲ್ಲೇ ಇದ್ದರೂ ಪಟ್ಟಿ ನನ್ನ ಕೈಯಲ್ಲೇ ಇತ್ತು. ನಿನಗೆ ಅನುಮಾನ ಬರಬಾರದೆಂದು ಈ ಒಂದು ಕೋಣೆಯೊಳಗೆ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ದಿನಾ ನಾಲ್ಕು ಸಾವಿರ ಹೆಜ್ಜೆ ಹಾಕಿದೆ. ಅಮ್ಮ ಮಲಗಿದಲ್ಲಿಂದಲೇ ನೋಡುತ್ತಿದ್ದಳು. ‘ಅವಳಿಗೆ ಹೇಳಬೇಡ, ಅವಳು ಬೆಟ್ಟದ ಒಳಗೆ ಇರ್ತಾಳೆ, ಮನಸ್ಸು ಇಲ್ಲಿಗೆ ಬಂದ್ರೆ ಅಲ್ಲಿ ಕೈ ತಪ್ಪುತ್ತೆ, ಬಾಯಿ ಬಿಡಲ್ಲ ಅಂತ ಆಣೆ ಮಾಡು’ ಅಂದವಳೂ ಅವಳೇ. ಆದರೆ ನಿನ್ನೆ ಬೆಳಿಗ್ಗೆ, ನಾನು ಮೂರು ಸಾವಿರ ದಾಟಿದ್ದೆ, ‘ಸಾಕು ಕೂತ್ಕೋ. ನನ್ನ ಹೆಜ್ಜೆ ನೀನು ಹಾಕಿ ಹಾಕಿ, ನಂದು ಎಷ್ಟು ಉಳಿದಿದೆ ಅಂತ ನನಗೇ ಮರೆತುಹೋಗಿದೆ’ ಅಂದಳು. ಅವಳು ಅದನ್ನು ನಗುತ್ತಲೇ ಹೇಳಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ. ಆಗಲೇ ನಿನಗೆ ಬರೆಯುವುದೆಂದು ನಿಶ್ಚಯ ಮಾಡಿದ್ದು.

ನಾನು ನಾಲ್ಕು ವರ್ಷದವನಿದ್ದಾಗ ಕೋಟಿನ ಗುಂಡಿ ನುಂಗಿದ್ದು, ನೀನು ಅರ್ಧ ದಿನ ಅದನ್ನು ಮುಚ್ಚಿಟ್ಟದ್ದು ನೆನಪಿದೆಯಾ? ಅಮ್ಮ ನುಂಗಿದವನನ್ನು ಎತ್ತಿಕೊಂಡಳು, ಮುಚ್ಚಿಟ್ಟವಳಿಗೆ ಹೊಡೆದಳು. ಆ ಏಟಿನ ಲೆಕ್ಕದಲ್ಲಿ ನನಗೆ ಎಷ್ಟು ಬೀಳಬೇಕು ನೀನೇ ಹೇಳು. ಕ್ಷಮಿಸು ಎಂದು ಕೇಳುವುದು ಸುಲಭ, ಕೇಳುತ್ತಿದ್ದೇನೆ ಕೂಡಾ. ಆದರೆ ನಾನು ನಿನ್ನಿಂದ ಕಿತ್ತುಕೊಂಡದ್ದು ಅಮ್ಮನ ಐದು ತಿಂಗಳನ್ನು. ನೀನು ಆ ಸುರಂಗದ ಬಾಯಲ್ಲಿ ನಿಂತು ದಿನಾ ಸಂಜೆ ಫೋನು ನೋಡಿ ಸಮಾಧಾನಪಟ್ಟದ್ದು ಅಮ್ಮನ ನಾಡಿಯನ್ನಲ್ಲ, ನನ್ನದನ್ನು. ಅಳತೆ ಸುಳ್ಳು ಹೇಳಲಿಲ್ಲ ಅಕ್ಕಾ, ಅದು ಸರಿಯಾಗಿಯೇ ಎಣಿಸಿತು. ತೊಟ್ಟವನು ಸುಳ್ಳು.

ನಿನ್ನೆ ಮಧ್ಯಾಹ್ನದಿಂದ ಆ ಪಟ್ಟಿಗೆ ಒಂದು ಕವಚ ಹೊಲಿಯುತ್ತಿದ್ದೇನೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ದಿನಾ ನೂರು ಅಂಗಿಗೆ ಬುದ್ಧಿ ಓಡಿಸುವವನಿಗೆ ತಾಯಿಯ ಮಣಿಕಟ್ಟಿಗೆ ಓಡಲಿಲ್ಲ. ನಿನ್ನ ಶಾಲೆಯ ನೀಲಿ ಕೋಟನ್ನು ಅಮ್ಮ ಇನ್ನೂ ಇಟ್ಟುಕೊಂಡಿದ್ದಾಳೆ. ಅದರ ಒಳಮೈಯ ಮೆತ್ತನೆಯ ಬಟ್ಟೆ ಕತ್ತರಿಸಿಕೊಳ್ಳಲು ಅವಳೇ ಕೊಟ್ಟಳು. ಪ್ಲಾಸ್ಟಿಕ್ ಎಲ್ಲೂ ಚರ್ಮಕ್ಕೆ ತಾಗದ ಹಾಗೆ ಸುತ್ತ ಬಟ್ಟೆ, ನಾಡಿ ನೋಡುವ ಗಾಜಿನಷ್ಟಕ್ಕೆ ಕಿಂಡಿ, ಮೇಲೆ ಸಡಿಲವಾದ ಒಂದು ಗುಂಡಿ. ಅಮ್ಮ ಮಲಗಿಕೊಂಡೇ, ಹೊಲಿಗೆ ದೊಡ್ಡದಾಯಿತು, ಬಿಚ್ಚು, ಮತ್ತೆ ಹಾಕು ಎಂದು ಎರಡು ಸಲ ಬಿಚ್ಚಿಸಿದಳು. ಹಳೆಯ ದರ್ಜಿ ಅಮ್ಮ ವಾಪಸ್ಸು ಬಂದ ಹಾಗೆ ಅನ್ನಿಸಿತು. ಇನ್ನು ಗುಂಡಿಯೊಂದು ಬಾಕಿ.

ಏನು ಬರೀತಿದ್ದೀಯ ಎಂದು ಈಗಷ್ಟೇ ಕೇಳಿದಳು. ಅಕ್ಕನಿಗೆ ಪತ್ರ ಅಂದೆ. ನನ್ನ ಮುಖವನ್ನೂ ಕಾಗದವನ್ನೂ ನೋಡಿ, ‘ನನ್ನ ಆಶೀರ್ವಾದ ಬರಿ. ಮೂಗು ಮುಚ್ಕೊಂಡು ಕೆಲಸ ಮಾಡು ಅಂತ ಬರಿ’ ಅಂದಳು. ಬರೆದಿದ್ದೇನೆ. ದೊಡ್ಡವಳಿಗೆ ಆಶೀರ್ವಾದ ನಾನು ಕೊಡುವ ಹಾಗಿಲ್ಲ, ನಮಸ್ಕಾರ ಮಾತ್ರ. ಬೈಯುವುದಿದ್ದರೆ ಎದುರಿಗೆ ನಿಂತು ಬೈಯಿ, ತಲೆ ತಗ್ಗಿಸಿ ಕೇಳುತ್ತೇನೆ.

ಇಂತಿ, ನಿನ್ನ ತಪ್ಪಿತಸ್ಥ ತಮ್ಮ,
ಗುಂಡಿ

ಲಕೋಟೆ ಅಂಟಿಸುವ ಮುಂಚೆ, ಅವಸರದಲ್ಲಿ: ಗುಂಡಿ ಹೊಲಿದು ಮುಗಿಸಿ ನಾಲ್ಕು ಗಂಟೆಗೆ ಪಟ್ಟಿಯನ್ನು ಅಮ್ಮನ ಕೈಗೆ ಕಟ್ಟಿದೆ. ಕೈ ಎತ್ತಿದಳು. ನನ್ನನ್ನು ಹಿಡಿದುಕೊಂಡು ಎದ್ದು ಕೂತಳು. ಬಗ್ಗಲು ಆಗುವುದಿಲ್ಲ, ಅದನ್ನು ಬಿಟ್ಟೆ. ‘ಹಾಂ, ಈಗ ತೊಡೋ ಹಾಗಿದೆ’ ಅಂದಳು. ಆಮೇಲೆ ತಾನಾಗಿಯೇ, ಎಬ್ಬಿಸು ಅಂದಳು. ಮಂಚದಿಂದ ಕಿಟಕಿಯವರೆಗೆ ಹೋಗಿ ಹೊರಗೆ ನೋಡಿ ಬಂದು ಮಲಗಿದ್ದಾಳೆ. ಪಟ್ಟಿಯ ಯಂತ್ರ ಹನ್ನೊಂದು ಹೆಜ್ಜೆ ಎಂದು ತೋರಿಸುತ್ತಿದೆ. ಅದರಲ್ಲಿ ನನ್ನದು ಒಂದೂ ಇಲ್ಲ. ಈ ಪತ್ರ ಶುಕ್ರವಾರ ನಿನ್ನ ಕೈ ಸೇರುವ ಮೊದಲೇ ಇವತ್ತಿನ ಹನ್ನೊಂದನ್ನು ನೀನು ನೋಡಿ ಫೋನು ಮಾಡಿರುತ್ತೀಯ. ‘ಯಂತ್ರ ಕೆಟ್ಟಿದೆ ಕಣೆ’ ಎಂದು ಹೇಳಲು ಅಮ್ಮ ಈಗಲೇ ಸಿದ್ಧವಾಗಿದ್ದಾಳೆ, ಆಣೆ ಹಾಕಿಸಿಕೊಂಡ ನಾನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತೇನೆ. ನಂಬಬೇಡ. ರಜೆಯ ಪಟ್ಟಿ ಬದಲಾಯಿಸಲು ಈ ತಿಂಗಳ ಇಪ್ಪತ್ತೆಂಟರವರೆಗೆ ಅವಕಾಶ ಇದೆ ಎಂದು ನೀನೇ ಹೇಳಿದ್ದೆ. ನೀಲಿ ಪಟ್ಟೆಯ ಹಾಸನ್ನು ಮತ್ತೆ ನಿನ್ನ ಮಂಚಕ್ಕೆ ಹಾಸಿದ್ದೇನೆ, ಈ ಸಲ ಇನ್ನೆರಡು ಮೂಲೆಯನ್ನು ಹಿಡಿಯುವವರಿರಲಿಲ್ಲ, ಸ್ವಲ್ಪ ಸೊಟ್ಟಗಾಗಿದೆ. ಯಂತ್ರ ಕೆಟ್ಟಿಲ್ಲ ಅಕ್ಕಾ. ಆ ಹನ್ನೊಂದು ಅಮ್ಮನದೇ. ಬಾ.